ಕಡಲಿನವರು ಎಸೆದ ಮೀನು

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ರಾಜಬಿಯ ಖಾನಾವಳಿ ಎಂದರೆ ಮೂರು ಮೇಜು, ಒಂದು ದೊಡ್ಡ ಕಾವಲಿ, ಮತ್ತು ರಾಜಬಿಯ ಬಾಯಿ. ಅವಳ ತವರು ಕೃಷ್ಣೆಯ ದಂಡೆಯ ತಂಗಡಗಿ. ತಾನು ನಡೆಯಲು ಕಲಿತದ್ದೇ ಹೊಳೆಯ ಕೆಸರಿನಲ್ಲಿ ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ರೋಹು, ಕಟ್ಲಾ, ಜಿಲೇಬಿ, ಕೊರವ, ಹಾವುಮೀನು, ಯಾವುದನ್ನು ತಂದು ಮುಂದಿಟ್ಟರೂ ಕಣ್ಣು ಮುಚ್ಚಿ ಬೆನ್ನ ಮೇಲೆ ಬೆರಳಾಡಿಸಿ ಹೆಸರು ಹೇಳುತ್ತಿದ್ದಳು. ಕಿವಿರು ಎತ್ತಿ ನೋಡಿದರೆ ಹಿಡಿದು ಎಷ್ಟು ತಾಸಾಯಿತೆಂಬುದೂ ಗೊತ್ತಾಗುತ್ತಿತ್ತು. ಮೀನು ಮಾರುವವರು ಅವಳ ಖಾನಾವಳಿಗೆ ಬರುವಾಗ ಕೋರ್ಟಿಗೆ ಬಂದವರಂತೆ ಮೆತ್ತಗೆ ಬರುತ್ತಿದ್ದರು.

ಅವಳ ಮಗ ಅಯೂಬ ಬಸ್ಸಿನ ಡ್ರೈವರ್. ಮೊದಲು ಸಿಂದಗಿ, ಇಂಡಿ ಕಡೆಯ ಹಗಲು ಗಾಡಿ ಓಡಿಸಿಕೊಂಡಿದ್ದವನಿಗೆ ಈ ವರ್ಷ ದೀಪಾವಳಿಯ ನಂತರ ಹೊನ್ನಾವರದ ರೂಟು ಬಂತು. ಸಂಜೆ ಬಿಟ್ಟ ಬಸ್ಸು ಮರುದಿನ ಬೆಳಗ್ಗೆ ಕಡಲ ದಂಡೆ ಮುಟ್ಟುತ್ತಿತ್ತು. ಮತ್ತೆ ಹೊರಡುವುದು ಸಂಜೆಗೆ. ನಡುವೆ ನಾಲ್ಕು ತಾಸು ಮಲಗಿ ಎದ್ದರೆ ಮಧ್ಯಾಹ್ನವೆಲ್ಲ ಬಿಡುವು. ತಂಗಡಗಿಯ ಸೋದರಮಾವಂದಿರ ಜೊತೆ ಗಾಳ ಹಾಕಿ ಬೆಳೆದ ಹುಡುಗ, ನೀರು ಕಂಡರೆ ಕೈ ಸುಮ್ಮನಿರುವುದು ಹೇಗೆ? ನದಿ ಕಡಲಿಗೆ ಸೇರುವಲ್ಲಿ ಕಟ್ಟಿದ ಕಲ್ಲಿನ ತಡೆಗೋಡೆಯ ಮೇಲೆ ಸಾಲಾಗಿ ಕೂತು ಗಾಳ ಹಾಕುವವರನ್ನು ಮೊದಲ ದಿನ ನಿಂತು ನೋಡಿದ. ಎರಡನೆಯ ಸಲ ಅವರ ನಡುವೆ ಜಾಗ ಮಾಡಿಕೊಂಡು ಕೂತ. ಮೂರನೆಯ ಸಲ ಥರ್ಮಾಕೋಲಿನ ಡಬ್ಬಿಯಲ್ಲಿ ಮಂಜುಗಡ್ಡೆ ತುಂಬಿಸಿ, ಮೀನು ಹಾಕಿಕೊಂಡು ಮನೆಗೆ ತಂದ.

ರಾಜಬಿ ಮುಚ್ಚಳ ತೆಗೆದಳು. ಮೊದಲು ಕಂಡದ್ದು ಅಂಗೈಗಿಂತ ದೊಡ್ಡದಾದ, ನೀಲಿಗಪ್ಪು ಬಣ್ಣದ, ಅಕ್ಕಪಕ್ಕದಿಂದ ಒತ್ತಿ ಚಪ್ಪಟೆ ಮಾಡಿದಂಥ ಮೀನು. ಚಿಕ್ಕ ಬಾಯಿ. ಬಾಯಿಯಲ್ಲಿ ಎಲೆಅಡಿಕೆ ಜಗಿದಂಥ ಕೆಂಪು ಹಲ್ಲು. ಅದರ ಕೆಳಗೆ ಚಪ್ಪಲಿಯ ಅಟ್ಟೆಯಂಥದೊಂದು, ಎರಡೂ ಕಣ್ಣು ಒಂದೇ ಮಗ್ಗುಲಿಗೆ. ಅದರ ಕೆಳಗೆ ಉದ್ದ ಮೀಸೆಯದು, ಮೈತುಂಬ ಲೋಳೆ.

"ಯಾ ಅಲ್ಲಾ! ಏನ್ ತಂದಿಯೋ ಇದು?"

"ಮೀನ ಅಮ್ಮಾ. ಸಮುದ್ರದ್ದು."

"ಮೀನ ಅನ್ನೂದು ನನಗ ಕಾಣಾಕತ್ತೈತಿ. ಹೆಸರ ಏನು?"

ಅಯೂಬ ತಲೆ ಕೆರೆದುಕೊಂಡ. "ಈ ಕರೇದಕ್ಕ ಅಲ್ಲಿ ಕಾರ್ಗಿಲ್ ಮೀನ ಅಂತಾರ. ಉಳಿದವು ಕೇಳಿಲ್ಲ."

ಹೆಸರು ಗೊತ್ತಿಲ್ಲದ ಮೀನು ಅವಳ ಅಡುಗೆಮನೆಗೆ ಬಂದದ್ದು ಇದೇ ಮೊದಲು. ಆದರೂ ಮಗ ಅಷ್ಟು ದೂರದಿಂದ ತಂದಿದ್ದಾನೆಂದು ಕಾರ್ಗಿಲ್ ಮೀನನ್ನು ಹೊಳೆಯ ಮೀನಿನಂತೆಯೇ ಹೊಟ್ಟೆ ಸೀಳಿ, ತೊಳೆದು, ತುಂಡು ಮಾಡಿ ಸಾರಿಗೆ ಹಾಕಿದಳು. ಕತ್ತರಿಸುವಾಗಲೇ ಚೂರಿ ಎರಡು ಸಲ ಜಾರಿತು. ಸಾರು ಕುದ್ದು ಕುದ್ದು ಅರ್ಧವಾದರೂ ತುಂಡು ಮೆತ್ತಗಾಗಲಿಲ್ಲ. ಅವಳ ಗಂಡ ಮೋದಿನಸಾಬನಿಗೆ ಮೊದಲ ಬಟ್ಟಲು. ಮಾತು ಕಡಿಮೆಯ ಮನುಷ್ಯ. ಒಂದು ತುಂಡು ಬಾಯಿಗಿಟ್ಟು ಅಗಿಯತೊಡಗಿದ. ರಾಜಬಿ ಎರಡು ರೊಟ್ಟಿ ಬಡಿದು, ಬೇಯಿಸಿ, ತಿರುಗಿ ನೋಡಿದರೆ ಇನ್ನೂ ಅದೇ ತುಂಡನ್ನೇ ಅಗಿಯುತ್ತಿದ್ದ.

"ಹೆಂಗೈತ್ರಿ?"

ಮೋದಿನಸಾಬ ಕೈಯಿಂದ ತಡೆ ಎಂದು ಸನ್ನೆ ಮಾಡಿ ಇನ್ನಷ್ಟು ಅಗಿದ. ಕೊನೆಗೆ ತಟ್ಟೆಯ ಅಂಚಿಗೆ ಅದನ್ನು ಇಟ್ಟು, "ಸಾರ ಚಲೋ ಆಗೇತಿ" ಎಂದ.

ಅಯೂಬ ನಕ್ಕುಬಿಟ್ಟ. ನಗುವ ಭರದಲ್ಲಿ, ಹೇಳಬಾರದ ಮಾತನ್ನೂ ಹೇಳಿದ: ಅಲ್ಲಿ ಗಾಳ ಹಾಕುವವರು ಕಾಣೆಮೀನು, ಇಸವಾಣದಂಥ ಬೆಲೆಯ ಮೀನು ಸಿಕ್ಕರೆ ಮನೆಗೆ ಒಯ್ಯುತ್ತಾರೆ, ಇಂಥವು ಸಿಕ್ಕರೆ ಗಾಳ ಬಿಡಿಸಿ ಹದ್ದು, ಬೆಕ್ಕುಗಳಿಗೆ ಎಸೆಯುತ್ತಾರೆ, ಹಾಗೆ ಎಸೆಯುತ್ತಿದ್ದವನ್ನೇ ತಾನು ಕೇಳಿ ಇಸಿದುಕೊಂಡು ಬಂದದ್ದು.

ರಾಜಬಿಯ ಕೈಯಲ್ಲಿದ್ದ ಸೌಟು ನಿಂತಿತು. "ಬೆಕ್ಕಿಗೆ ಒಗ್ಯೂದನ್ನ ನಿಮ್ಮಪ್ಪಗ ತಂದು ಹಾಕಿದಿ?"

ಅಂದಿನಿಂದ ಆ ಡಬ್ಬಿ ಹೊಸ್ತಿಲು ದಾಟಕೂಡದೆಂದು ಆಜ್ಞೆಯಾಯಿತು. ಆಜ್ಞೆ ಒಂಬತ್ತು ದಿನ ನಡೆಯಿತು.

ಹತ್ತನೆಯ ದಿನ ಭಾನುವಾರ. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಪ್ರಜ್ಞಾ ನಾಷ್ಟಾಕ್ಕೆ ಬಂದಿದ್ದಳು. ಸಿಂದಗಿ ತಾಲೂಕಿನ ಕನ್ನೊಳ್ಳಿಯವಳು, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಅಯೂಬ ಡ್ಯೂಟಿ ಮುಗಿಸಿ ಬಂದು ಡಬ್ಬಿಯನ್ನು ಹೊಸ್ತಿಲ ಹೊರಗೇ ಇಟ್ಟು, ಅಪರಾಧಿಯಂತೆ ನಿಂತ. "ಇವು ಇಸಗೊಂಡ ಬಂದಿದ್ದಲ್ಲ ಅಮ್ಮಾ. ನಾನ ಹಿಡದದ್ದು."

ರಾಜಬಿ ನೋಡಲೇ ಇಲ್ಲ. ಪ್ರಜ್ಞಾ ಇಡ್ಲಿಯನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಮುಚ್ಚಳ ತೆಗೆದಳು.

"ಅಯ್ಯೋ, ಇಲ್ಲಿ ನೋಡ್ರಿ ಕಾಕು!" ಎಂದು ಚಪ್ಪಲಿ ಅಟ್ಟೆಯಂಥ ಮೀನನ್ನು ಎರಡೂ ಕೈಯಲ್ಲಿ ಎತ್ತಿ ತಂದಳು. "ಇದು ಹುಟ್ಟಿದಾಗ ಒಂದ ಕಣ್ಣ ಆ ಕಡೆ, ಒಂದ ಈ ಕಡೆ ಇರ್ತೈತ್ರಿ. ದೊಡ್ಡದ ಆಗ್ತಾ ಆಗ್ತಾ ಒಂದು ಕಣ್ಣು ತಲೀ ದಾಟಿ ಇನ್ನೊಂದರ ಹತ್ತರ ಬರ್ತೈತಿ. ಆಮ್ಯಾಲೆ ಉಸುಕಿನಾಗ ಮಲಕೊಂಡ ಮ್ಯಾಲ ನೋಡಕೋತ ಇರ್ತೈತಿ. ಪುಸ್ತಕದಾಗ ಓದೀನಿ, ಮಕ್ಕಳಿಗೆ ಹೇಳೀನಿ, ಕೈಯಾಗ ಹಿಡದಿದ್ದು ಇವತ್ತ!"

"ಕಣ್ಣು ನಡಕೊಂತ ಬರ್ತೈತಿ?"

"ಖರೇನ್ರಿ."

ರಾಜಬಿಗೆ ತಡೆಯಲಾಗಲಿಲ್ಲ. ಹತ್ತಿರ ಬಂದು ಬೆರಳಾಡಿಸಿದಳು. ಒಂದು ಮಗ್ಗುಲು ಕಂದು, ಒರಟು. ಇನ್ನೊಂದು ಮಗ್ಗುಲು ಹಾಲಿನಂತೆ ಬಿಳಿ. ಕಿವಿರು ಎತ್ತಿದಳು. ಕೆಂಪಗಿತ್ತು. ಮೂಸಿದಳು. ಕೆಟ್ಟ ವಾಸನೆ ಎಳ್ಳಷ್ಟೂ ಇಲ್ಲ, ಉಪ್ಪಿನ ಗಾಳಿಯಂಥದೇನೋ. "ಹೆಸರ ಕೇಳಿದೇನು ಈ ಸಲ?" ಎಂದು ಮಗನನ್ನು ಕೇಳಿದಳು.

"ನಂಗು ಅಂತಾರ. ತೊಗಲ ಸುಲಿಬೇಕಂತ. ಅದಕ್ಕ ಯಾರಿಗೂ ಬ್ಯಾಸರ."

"ಸುಲಿಯೂದಕ್ಕ ಬ್ಯಾಸರ ಏನು?" ರಾಜಬಿ ಬಾಲದ ಹತ್ತಿರ ಚೂರಿಯ ತುದಿಯಿಂದ ಗೀರಿ, ಎದ್ದ ಚರ್ಮದ ಅಂಚನ್ನು ಉಪ್ಪು ಹಚ್ಚಿದ ಬೆರಳಲ್ಲಿ ಹಿಡಿದು ಒಂದೇ ಸಮನೆ ತಲೆಯ ಕಡೆಗೆ ಎಳೆದಳು. ಕಾಲುಚೀಲ ಕಳಚಿದಂತೆ ಬಂತು. ತಾನೇ ಬೆರಗಾಗಿ ಒಂದು ಕ್ಷಣ ಆ ಚರ್ಮವನ್ನು ಎತ್ತಿ ಹಿಡಿದು ನೋಡಿದಳು. ಅರಿಶಿನ, ಖಾರ, ಹುಣಸೆ ಹಚ್ಚಿ, ರವೆಯ ಬದಲು ಕೈಗೆ ಸಿಕ್ಕ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕಾವಲಿಗೆ ಹಾಕಿದಳು. ಮೇಲೆ ಗರಿ, ಒಳಗೆ ಬೆಣ್ಣೆ. ನಡುವೆ ಬಾಚಣಿಗೆಯಂಥ ಒಂದೇ ಮುಳ್ಳು. ಮೆಲ್ಲಗೆ ಎತ್ತಿದರೆ ಪೂರ್ತಿ ಎದ್ದುಬರುತ್ತಿತ್ತು. ಮೋದಿನಸಾಬ ಈ ಸಲ ಅಗಿಯುವ ಗೋಜಿಗೇ ಹೋಗಲಿಲ್ಲ. ನುಂಗಿ, ತಟ್ಟೆ ಮುಂದೆ ಚಾಚಿದ.

ಆಮೇಲೆ ರಾಜಬಿಗೆ ಹಟ ಹಿಡಿಯಿತು. ಕಾರ್ಗಿಲ್ ಮೀನು ಬೇಯದ್ದು ಮೀನಿನ ತಪ್ಪಲ್ಲ, ಸುಲಿಯದೆ ಹಾಕಿದ ತನ್ನ ತಪ್ಪು ಎಂದು ಅವಳಿಗೆ ಅರ್ಥವಾಗಿ, ಮುಂದಿನ ಸಲ ಅದನ್ನೇ ತರಿಸಿದಳು. ಅದರ ಬೆನ್ನ ಮೇಲೊಂದು ಮುಳ್ಳು ನೆಟ್ಟಗೆ ನಿಂತರೆ ಎಷ್ಟು ಒತ್ತಿದರೂ ಮಲಗುತ್ತಿರಲಿಲ್ಲ. ಅಯೂಬ ಅದರ ಹಿಂದಿನ ಚಿಕ್ಕ ಮುಳ್ಳನ್ನು ಬೆರಳಿಂದ ಒತ್ತಿ ತೋರಿಸಿದ. ದೊಡ್ಡದು ಟಕ್ಕನೆ ಮಲಗಿತು, ಬಾಗಿಲ ಚಿಲಕ ತೆಗೆದ ಹಾಗೆ. ಇದನ್ನು ನೋಡಲೆಂದೇ ಪ್ರಜ್ಞಾ ನಾಲ್ಕು ಸಲ ಒತ್ತಿದಳು. ರಾಜಬಿ ಮೋದಿನಸಾಬನ ಮೊಳೆ ಕೀಳುವ ಪಕ್ಕಡ ತರಿಸಿ, ಮುಳ್ಳಿನ ಬುಡದಿಂದ ಚರ್ಮವನ್ನು ಕಚ್ಚಿಸಿ ಎಳೆದು ತೆಗೆದಳು. ಒಳಗೆ ಕೋಳಿಯ ಎದೆಯಂಥ ಬಿಳಿ ಮಾಂಸ. ಅದನ್ನು ಶೇಂಗಾ, ಕೊಬ್ಬರಿ ಹುರಿದು ರುಬ್ಬಿದ ಮಸಾಲೆಯಲ್ಲಿ ಗಟ್ಟಿ ಎಸರು ಮಾಡಿದಳು. ಮೀಸೆಯ ಮೀನಿನ ಲೋಳೆಗೆ ಒಲೆಯ ಬೂದಿ ಸಾಕಾಯಿತು. ತಂಗಡಗಿಯಲ್ಲಿ ಹಾವುಮೀನಿಗೆ ಮಾಡುತ್ತಿದ್ದುದೂ ಅದನ್ನೇ.

ಒಂದು ತಿಂಗಳಲ್ಲಿ ಖಾನಾವಳಿಯ ಗಿರಾಕಿಗಳು "ಡ್ರೈವರ್ ಬಂದಾನೇನ್ರಿ?" ಎಂದು ಕೇಳಿಕೊಂಡು ಬರತೊಡಗಿದರು. ಇಂಡಿಯಿಂದ ನಿಂಬೆಹಣ್ಣಿನ ಲೋಡು ತರುತ್ತಿದ್ದ ಚಂದಪ್ಪ ಎಂಬವನು ತನ್ನ ಚೀಲದಿಂದಲೇ ಹಣ್ಣು ತೆಗೆದು ನಂಗಿನ ಮೇಲೆ ಹಿಂಡಿಕೊಂಡು ತಿನ್ನುತ್ತಿದ್ದ.

ಇದರಿಂದ ರಾಜಬಿಯ ಬಾಯಿ ಇನ್ನಷ್ಟು ಜೋರಾಯಿತು. "ಕಡಲಿನ ಮಂದಿಗೆ ಕಡಲ ಐತಿ, ತಿನ್ನೂ ಬುದ್ಧಿ ಇಲ್ಲ" ಎನ್ನುವುದು ದಿನಕ್ಕೆ ನಾಲ್ಕು ಸಲ. ಒಮ್ಮೆ ಟಿಫಿನ್ ಡಬ್ಬಿಯಲ್ಲಿ ಕಾರ್ಗಿಲ್ ಎಸರು ಕಟ್ಟಿ, "ಆ ಮೀನ ಒಗಿಯೋರಿಗೆ ತಿನ್ನಿಸು" ಎಂದು ಮಗನ ಕೈಯಲ್ಲಿ ಕಳಿಸಿದಳು. ಡಬ್ಬಿ ತೊಳೆದು ವಾಪಸು ಬಂತು. ಒಳಗೆ ಹಿಡಿ ಒಣ ಸಿಗಡಿ, ಜೊತೆಗೆ ಒಂದು ಸಂದೇಶ. ತಡೆಗೋಡೆಯ ಗಾಳದವರಲ್ಲಿ ಹಿರಿಯ, ತಿಮ್ಮಪ್ಪ ಹರಿಕಂತ್ರ ಎಂಬ ನಿವೃತ್ತ ದೋಣಿ ಮೆಕ್ಯಾನಿಕ್ ಹೇಳಿ ಕಳಿಸಿದ್ದ: ಅಮ್ಮನ್ನೇ ಕರ್ಕೊಂಡು ಬಾ.

ಐವತ್ತೆಂಟು ವರ್ಷದ ರಾಜಬಿ ಅದುವರೆಗೆ ಕಡಲು ನೋಡಿರಲಿಲ್ಲ. ಇಪ್ಪತ್ತು ಕಟಕ ರೊಟ್ಟಿ, ಮಸಾಲೆಯ ಡಬ್ಬಿ, ಕಾವಲಿ, ಪಕ್ಕಡ ಕಟ್ಟಿಕೊಂಡು, ಮಗನ ಬಸ್ಸಿನಲ್ಲಿ ಅವನ ಹಿಂದಿನ ಸೀಟಿನಲ್ಲೇ ಕೂತು ಹೊರಟಳು. ದಾರಿಯುದ್ದಕ್ಕೂ ಮಗ ಬ್ರೇಕು ಒತ್ತಿದಾಗೆಲ್ಲ ತಾನೂ ಕಾಲು ಒತ್ತಿದಳು.

ತಡೆಗೋಡೆಯ ಮೇಲೆ ಅವಳು ಮೊದಲು ಮಾಡಿದ ಕೆಲಸವೆಂದರೆ ಸುಮ್ಮನಾದದ್ದು. ಅಯೂಬನಿಗೆ ಗಾಬರಿಯಾಯಿತು. "ಏನಾತ ಅಮ್ಮಾ?"

"ಆ ಕಡೆ ದಂಡಿ ಎಲ್ಲೈತೋ?"

"ಇಲ್ಲ ಅಮ್ಮಾ. ಕಾಣಂಗಿಲ್ಲ."

"ಹೊಳಿ ತುಂಬಿ ಬಂದಾಗೂ ಆ ಕಡೆ ದಂಡಿ ಇರ್ತಿತ್ತು..." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಲೆಯ ಹನಿ ಸಿಡಿದಿತ್ತೋ ಕಣ್ಣೀರೋ, ಕೇಳುವ ಧೈರ್ಯ ಮಗನಿಗಾಗಲಿಲ್ಲ. ಆಮೇಲೆ ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, "ಉಪ್ಪು ಒಂದೀಟ ಹೆಚ್ಚಾಗೇತಿ" ಎಂದಳು. ಸಾಲಾಗಿ ಕೂತಿದ್ದ ಗಾಳದವರೆಲ್ಲ ತಿರುಗಿ ನೋಡಿ ನಕ್ಕರು.

ಅವರ ಹಿಂದೆ ಬುಟ್ಟಿ ಇಟ್ಟುಕೊಂಡು ರಾಜಬಿ ಕುಕ್ಕರುಗಾಲಲ್ಲಿ ಕೂತಳು. ಯಾರ ಗಾಳಕ್ಕೆ ಏನು ಸಿಕ್ಕರೂ, ಅವರು ಮುಖ ಸಿಂಡರಿಸಿದರೆ ಅವಳ ಕೈ ಮುಂದೆ ಹೋಗುತ್ತಿತ್ತು. ಕಾರ್ಗಿಲ್ ಒಂದು, ಎರಡು, ಐದು. ಮೀಸೆಯದೊಂದು ಬಂದಾಗ ತಿಮ್ಮಪ್ಪ, "ಅದರ ಮುಳ್ಳು ಚುಚ್ಚಿದ್ರೆ ಕೈ ಬಾತುಕೊಳ್ತದೆ ಅಮ್ಮ" ಎಂದು ಎಚ್ಚರಿಸಿದ. "ಬೆನ್ನಿಂದೊಂದು, ಮಗ್ಗಲದ್ದ ಎರಡು. ನಮ್ಮ ಹೊಳ್ಯಾಗೂ ಇದರ ಅಣ್ಣ ತಮ್ಮ ಅದಾರ" ಎಂದು ರಾಜಬಿ ಮೂರೂ ಮುಳ್ಳನ್ನು ಪಕ್ಕಡದಲ್ಲಿ ಮುರಿದು ಒಗೆದಳು. ತಿಮ್ಮಪ್ಪ ಹುಬ್ಬೇರಿಸಿದ. ರಾಜಬಿಗೆ ಅದು ಕಂಡಿತು. ಒಳಗೊಳಗೇ ಹಿಗ್ಗಿದಳು.

ಅಷ್ಟರಲ್ಲಿ ಅಯೂಬನ ಗಾಳಕ್ಕೇ ಒಂದು ದುಂಡನೆಯ ಮೀನು ಬಂತು. ಹುರುಪೆಯೇ ಇಲ್ಲದ ಮೈ, ದೊಡ್ಡ ಕಣ್ಣು, ಬಾಯಿಯಲ್ಲಿ ಗಿಳಿಯ ಕೊಕ್ಕಿನಂತೆ ಕೂಡಿದ ಹಲ್ಲು. ಕಲ್ಲಿನ ಮೇಲೆ ಬಿದ್ದದ್ದೇ ಹೊಟ್ಟೆ ಊದಿಸತೊಡಗಿತು, ಚೆಂಡಿನ ಹಾಗೆ. ಸುತ್ತ ಇದ್ದವರು ಅದರತ್ತ ನೋಡಲೂ ಇಲ್ಲ; ಅಯೂಬನೂ ಅದನ್ನು ಬಿಡಿಸಿ ಬದಿಗೆ ಎಸೆದು, ಬೆನ್ನು ತಿರುಗಿಸಿ ಗಾಳಕ್ಕೆ ಮತ್ತೆ ಸಿಗಡಿ ಚುಚ್ಚುತ್ತಿದ್ದ. ಹುರುಪೆ ಕೆರೆಯುವ ಕೆಲಸವಿಲ್ಲ, ಸುಲಿಯುವ ಕೆಲಸವೂ ಇರಲಿಕ್ಕಿಲ್ಲ, ಮೈತುಂಬ ಮಾಂಸ. ರಾಜಬಿ ಖುಷಿಯಿಂದ ಎತ್ತಿಕೊಂಡು ಹೊಟ್ಟೆಗೆ ಚೂರಿ ಹಚ್ಚಿದಳು.

"ಅಮ್ಮಾ! ಬಿಡಿ, ಬಿಡಿ ಅದನ್ನ!"

ಗಾಳದ ಕೋಲನ್ನು ಬಿಸಾಕಿ ಓಡಿಬಂದ ತಿಮ್ಮಪ್ಪ ಅವಳ ಕೈಯ ಮೇಲೆ ಹೊಡೆದೇಬಿಟ್ಟ. ಮೀನು ಉರುಳಿ ನೀರಿಗೆ ಬಿತ್ತು. ಹೆಂಗಸಿನ ಕೈಗೆ ಹೊಡೆದೆನಲ್ಲ ಎಂದು ಅವನಿಗೇ ಗಾಬರಿಯಾಗಿ ಎರಡೂ ಕೈ ಮುಗಿದ. "ತಪ್ಪು ತಿಳ್ಕೊಳ್ಬೇಡಿ. ಅದು ವಿಷ. ಈಲಿಯಲ್ಲಿ ವಿಷ, ತತ್ತಿಯಲ್ಲಿ ವಿಷ. ಎಷ್ಟು ಕುದಿಸಿದ್ರೂ ಹೋಗುದಿಲ್ಲ. ತಿಂದವರ ತುಟಿ ಮೊದಲು ಜೋಮು ಹಿಡೀತದೆ, ಆಮೇಲೆ ಉಸಿರೇ ನಿಲ್ತದೆ."

ರಾಜಬಿ ಚೂರಿಯನ್ನು ಕೆಳಗಿಟ್ಟಳು. ಖಾನಾವಳಿಯ ಮೂರು ಮೇಜು, ಅಲ್ಲಿ ಕೂತು ತಿನ್ನುವ ಮುಖಗಳು ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದವು. ಚಂದಪ್ಪ, ಪ್ರಜ್ಞಾ, ತಟ್ಟೆ ಚಾಚುವ ಮೋದಿನಸಾಬ. ಇವರು ಎಸೆಯುವುದೆಲ್ಲ ತಿನ್ನಲು ಬರದೆ ಎಸೆಯುವುದು ಎಂದುಕೊಂಡಿದ್ದಳಲ್ಲ! ಇಷ್ಟು ದಿನ ಮಗ ತಂದ ಡಬ್ಬಿಯಲ್ಲಿ ಇಂಥದೊಂದು ಬಂದಿದ್ದರೆ?

"ನಾನ ಒಂದೂ ತಂದಿಲ್ಲ ಅಮ್ಮಾ" ಎಂದ ಅಯೂಬ, ಅವಳ ಮನಸ್ಸು ಓದಿದಂತೆ. "ಮೊದಲನೇ ದಿನಾನ ತಿಮ್ಮಪ್ಪಣ್ಣ ತೋರಿಸಿ, ಇದನ್ನೊಂದ ಮುಟ್ಟಬ್ಯಾಡ ಅಂದಿದ್ದ. ನಿನಗ ಹೇಳೂದು ಮರತೆ."

ಮಗನನ್ನು ಬೈಯಲು ಬಾಯಿ ತೆರೆದವಳು ಬೈಯಲಿಲ್ಲ. ತಿಮ್ಮಪ್ಪನ ಕಡೆ ತಿರುಗಿದಳು. "ಅಣ್ಣಾರ, ನನ್ನ ಬಾಯಿ ಭಾಳ ದೊಡ್ಡದು. ಕಡಲಿನ ಮಂದಿಗೆ ತಿನ್ನಾಕ ಬರಂಗಿಲ್ಲ ಅಂತ ಊರ ತುಂಬ ಹೇಳಕೋತ ಬಂದೇನಿ. ಈಗ ಒಂದೊಂದ ಮೀನ ಕೈಯಾಗ ಕೊಟ್ಟು ಹೇಳ್ರಿ. ಯಾವುದು ತಿನ್ನೂದು, ಯಾವುದು ಬಿಡೂದು. ಸಾಲಿ ಕೂಸಿಗೆ ಹೇಳಿದಂಗ ಹೇಳ್ರಿ."

ತಿಮ್ಮಪ್ಪ ಹೇಳಿದ. ಸುಮಾರು ಒಂದು ತಾಸು. ಊದುವ ಮೀನಿಗೂ ಕಾರ್ಗಿಲ್ ಮೀನಿಗೂ ಹಲ್ಲು ಒಂದೇ ಬಗೆಯಾದರೂ ಕಾರ್ಗಿಲ್‌ಗೆ ಬೆನ್ನ ಮೇಲೆ ಚಿಲಕದ ಮುಳ್ಳಿದೆ, ದಪ್ಪ ತೊಗಲಿದೆ, ಚಪ್ಪಟೆ ಮೈಯಿದೆ. ಊದುವುದಕ್ಕೆ ಆ ಮುಳ್ಳಿಲ್ಲ, ಮೈ ದುಂಡು. ಕಲ್ಲಿನ ಸಂದಿಯಲ್ಲಿ ಕೂತು ಕಲ್ಲಿನಂತೆಯೇ ಕಾಣುವ ಮೀನನ್ನು ಕೈಯಿಂದ ಮುಟ್ಟಲೇಬಾರದು. ಹೆಸರು ತಿಳಿಯದಿದ್ದರೆ, ತಿಳಿದವರನ್ನು ಕೇಳುವವರೆಗೆ ಒಲೆ ಹಚ್ಚಬಾರದು. ರಾಜಬಿ ಪ್ರತಿಯೊಂದನ್ನೂ ಕಣ್ಣು ಬಿಟ್ಟು ನೋಡಿ, ಆಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ, ಹೆಸರನ್ನು ಎರಡೆರಡು ಸಲ ಹೇಳಿಕೊಂಡಳು. ಅಯೂಬ ಫೋಟೋ ತೆಗೆದು ಪ್ರಜ್ಞಾಗೆ ಕಳಿಸುತ್ತಿದ್ದ. ಅಲ್ಲಿಂದ ಉತ್ತರವಾಗಿ ಪ್ರಶ್ನೆಗಳೇ ಬರುತ್ತಿದ್ದವು.

ಪಾಠ ಮುಗಿದ ಮೇಲೆ ತಿಮ್ಮಪ್ಪ ತನ್ನ ಗಾಳದ ಕೋಲನ್ನೇ ಅವಳ ಕೈಗೆ ಕೊಟ್ಟ. ಸಿಗಡಿ ಚುಚ್ಚಿ ಬಿಟ್ಟು ಹತ್ತು ನಿಮಿಷವಾಗಿಲ್ಲ, ಕೋಲು ಬಗ್ಗಿತು. "ಎಳಿ ಅಮ್ಮಾ, ಎಳಿ!" ಎಂದು ಅಯೂಬ ಕೂಗಿದ. "ಸುಮ್ಮನಿರೋ, ನಿಮ್ಮ ಮಾವಂದಿರಿಗೆ ಎಳಿಯೂದು ಕಲಿಸಿದಾಕಿ ನಾನು!" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಮ್ಮೆ ಬಿಟ್ಟು ಒಮ್ಮೆ ಸೆಳೆದು, ಮೊಳದುದ್ದದ ಬೆಳ್ಳಿ ಮೀನೊಂದನ್ನು ಮೇಲೆ ತಂದಳು. ಕಲ್ಲಿನ ಮೇಲೆ ಬಿದ್ದ ಮೀನು ಗೊರ್ ಗೊರ್ ಎಂದು ಸದ್ದು ಮಾಡಿತು.

ರಾಜಬಿ ಎರಡು ಹೆಜ್ಜೆ ಹಿಂದೆ ಹಾರಿದಳು. "ಮಾತಾಡಾಕತ್ತೈತಲ್ಲೋ ಇದು!"

"ಹೊಟ್ಟೆಯೊಳಗಿನ ಗಾಳಿಚೀಲದಿಂದ ಬರೋ ಸದ್ದು ಅದು" ಎಂದ ತಿಮ್ಮಪ್ಪ, ನಗು ತಡೆಯಲಾರದೆ. "ಧೈರ್ಯವಾಗಿ ತಿನ್ನಿ. ಮಾಂಸ ಮೆತ್ತಗೆ, ಬೇಗ ಹಳಸ್ತದೆ ಅಂತ ನಮ್ಮವರಿಗೆ ಅಸಡ್ಡೆ. ಈಗಲೇ ಹುರಿದ್ರೆ ಇದಕ್ಕೆ ಸಮ ಇಲ್ಲ."

"ಥೇಟ್ ನಮ್ಮ ಮನಿಯವರು ಗೊರಕಿ ಹೊಡದಂಗ ಐತಿ" ಎಂದಳು ರಾಜಬಿ. ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡರು. ಆ ಮೀನಿಗೆ ಅಲ್ಲಿ ಬೇರೆ ಹೆಸರಿತ್ತು. ಆದರೆ ಅಂದಿನ ಮಟ್ಟಿಗೆ ಅದು ಗೊರಕಿ ಮೀನೇ ಆಯಿತು.

ದಡದ ಚಹಾದಂಗಡಿಯವಳು ತನ್ನ ಒಲೆ ಬಿಟ್ಟುಕೊಟ್ಟಳು. ಕಾವಲಿಯ ಮೇಲೆ ಗೊರಕಿ ಮೀನು ಜೋಳದ ಹಿಟ್ಟಿನ ಗರಿ ಹೊದ್ದು ಎದ್ದಿತು. ಪಕ್ಕದಲ್ಲಿ ಕಾರ್ಗಿಲ್ ಎಸರು ಕೊತಕೊತ. ಗಾಳದವರು ಒಬ್ಬೊಬ್ಬರಾಗಿ ಕೋಲು ಮಡಿಚಿ ಬಂದು ಬೆಂಚಿನ ಮೇಲೆ ಕೂತರು. ಕಟಕ ರೊಟ್ಟಿಯನ್ನು ಹೇಗೆ ತಿನ್ನಬೇಕೆಂದು ಅವರಿಗೆ ತಿಳಿಯಲಿಲ್ಲ; ಒಬ್ಬ ಹಪ್ಪಳದಂತೆ ಕಚ್ಚಿದ, ಇನ್ನೊಬ್ಬ ಅದನ್ನೇ ತಟ್ಟೆ ಎಂದುಕೊಂಡು ಮೇಲೆ ಮೀನು ಬಡಿಸಿಕೊಂಡ. "ಮುರದು ಎಸರಿನಾಗ ಅದ್ದಿ, ಒಂದೀಟ ನೆನ್ಯಾಕ ಬಿಡ್ರಿ!" ಎಂದು ರಾಜಬಿ ಬೆಂಚಿನಿಂದ ಬೆಂಚಿಗೆ ಓಡಾಡಿದಳು. ತಿಮ್ಮಪ್ಪ ಕಾರ್ಗಿಲ್ ತುಂಡನ್ನು ಬಾಯಿಗಿಟ್ಟು, ಕೂಡಲೇ ಇನ್ನೊಂದಕ್ಕೆ ಕೈ ಹಾಕಿದ. ಟಿಫಿನ್ ಡಬ್ಬಿಯಲ್ಲಿ ಹೋದದ್ದು ಆರಿ ತಣ್ಣಗಾಗಿತ್ತು, ಬಿಸಿಯದು ಬೇರೆಯೇ.

"ಇಪ್ಪತ್ತು ವರ್ಷ ಹದ್ದಿಗೆ ಎಸೆದೆನಲ್ಲ ಇದನ್ನ" ಎಂದ ಕೊನೆಗೆ.

"ಹದ್ದಿನ ಪುಣ್ಯ ಬಿಡ್ರಿ" ಎಂದು ರಾಜಬಿ ಇನ್ನೊಂದು ಸೌಟು ಹಾಕಿದಳು.

ಹೊರಡುವ ಹೊತ್ತಿಗೆ ತಿಮ್ಮಪ್ಪ ಅಂದು ಹಿಡಿದ ಒಂದೇ ಒಂದು ಕಾಣೆಯನ್ನು, ಎಲ್ಲರೂ ಆಸೆಪಟ್ಟು ನೋಡುತ್ತಿದ್ದ ಮೀನನ್ನು, ಅವಳ ಡಬ್ಬಿಯ ಮೇಲಿಟ್ಟ. ಕೈಗೆ ಹೊಡೆದ ತಪ್ಪಿಗೆ ಎಂದ. ಬೇಡ ಎನ್ನಬೇಕೆಂದು ರಾಜಬಿಗೆ ಅನ್ನಿಸಿತು. ಆದರೆ ಮೀನು ಬಲು ಚೆಂದವಿತ್ತು. "ಇನ್ನೊಮ್ಮೆ ಬೇಕಾದರ ಹೊಡೀರಿ ಅಣ್ಣಾರ" ಎಂದು ಮಂಜುಗಡ್ಡೆಯೊಳಗೆ ಹುದುಗಿಸಿಟ್ಟಳು.

ಮರುದಿನ ಬೆಳಗ್ಗೆ ಮುದ್ದೇಬಿಹಾಳದಲ್ಲಿ ಮೋದಿನಸಾಬ ಒಲೆ ಹಚ್ಚಿಕೊಂಡು ಕಾಯುತ್ತಿದ್ದ. ಪ್ರಜ್ಞಾ ಶಾಲೆಗೆ ಹೊರಡುವ ಮೊದಲು ದೊಡ್ಡ ಹಾಳೆ, ಬಣ್ಣದ ಪೆನ್ನು ಹಿಡಿದು ಬಂದಳು. ರಾಜಬಿ ಒಂದೊಂದೇ ಮೀನು ಎತ್ತಿ ಕೊಡುತ್ತ, ಗುರುತು, ಹೆಸರು, ಸುಲಿಯುವ ಬಗೆ ಹೇಳುತ್ತ ಹೋದಳು. ಎಲ್ಲಕ್ಕಿಂತ ಮೇಲೆ ಊದುವ ಮೀನಿನ ಚಿತ್ರ ಬರೆಸಿ, ಅದರ ಮೇಲೆ ಕೆಂಪು ಗೀಟು ಎಳೆಸಿದಳು. ಗೋಡೆಗೆ ಅಂಟಿಸುವ ಮುಂಚೆಯೇ ಚಂದಪ್ಪ ಬಂದು ಕೂತಿದ್ದ, ಕೈಯಲ್ಲಿ ನಿಂಬೆಹಣ್ಣು.

"ಏನೈತ್ರಿ ಕಾಕು ಇವತ್ತ?"

ರಾಜಬಿ ಕಾವಲಿಗೆ ಎಣ್ಣೆ ಬಿಟ್ಟಳು. "ಕಡಲ ಹೆಂಗಿತ್ತು ಅಂತ ಮೊದಲ ಕೇಳೋ" ಎಂದು, ಅವನು ಕೇಳುವುದರೊಳಗೇ ಹೇಳಲು ಶುರುಮಾಡಿದಳು.